ಆಕ್ರನ್‌ನಲ್ಲಿ ನಡೆದ ಭೇಟಿ

ಮದ್ಯವ್ಯಸನಿಗಳ ಸ್ವಸಹಾಯ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿ. ಕುಡಿತವನ್ನು ಬಹುಪಾಲು ಜನ ನಡತೆಗೇಡೆಂದೇ ಎಣಿಸುತ್ತಿದ್ದ ಕಾಲವದು. ನ್ಯೂಯಾರ್ಕಿನ ವೈದ್ಯ ವಿಲಿಯಂ ಸಿಲ್ಕ್‌ವರ್ತ್ ಅದನ್ನು ದೇಹ, ಮನಸ್ಸು ಎರಡನ್ನೂ ಹಿಡಿಯುವ ಕಾಯಿಲೆಯೆಂದು ಕಂಡರು. ಷೇರುಪೇಟೆಯಲ್ಲಿ ದುಡಿದಿದ್ದ ಬಿಲ್ ವಿಲ್ಸನ್ ಅವರ ರೋಗಿ; 1934ರ ಡಿಸೆಂಬರಿನಲ್ಲಿ ಕುಡಿತ ಬಿಟ್ಟರು.

ಮರುವರ್ಷ ಮೇ ತಿಂಗಳಲ್ಲಿ ವಿಲ್ಸನ್ ಆಕ್ರನ್‌ಗೆ ಹೋದಾಗ ಹಿಡಿದ ವ್ಯವಹಾರ ಕೈಗೂಡಲಿಲ್ಲ. ಹೋಟೆಲಿನಲ್ಲಿ ಬಾರ್ ಹತ್ತಿರವೇ ಇತ್ತು. ಕುಡಿಯುವ ಚಪಲ ಕೆರಳಿದರೂ ಅತ್ತ ಹೋಗದೆ, ಮಾತಾಡಲು ಇನ್ನೊಬ್ಬ ವ್ಯಸನಿಯನ್ನು ಹುಡುಕಿ ಪಾದ್ರಿಗಳಿಗೆ ಫೋನ್ ಮಾಡಿದರು. ಹಾಗೆ ಸಿಕ್ಕವರು ಶಸ್ತ್ರವೈದ್ಯ ಬಾಬ್ ಸ್ಮಿತ್. ಕಾಲು ಗಂಟೆ ಮಾತ್ರ ಕೂರುವೆನೆಂದು ಬಂದ ಸ್ಮಿತ್ ಗಂಟೆಗಟ್ಟಲೆ ಕೂತರು. ಉಪದೇಶಕ್ಕೆ ಬಗ್ಗದವರು ತಮ್ಮಂತೆಯೇ ಬಿದ್ದೆದ್ದವರ ಅನುಭವಕ್ಕೆ ಕಿವಿಗೊಟ್ಟರು. ಈ ಚಳವಳಿಯ ಜೀವಾಳವೇ ಇದು. ಸ್ಮಿತ್ ಕೊನೆಯ ಬಾರಿ ಕುಡಿದರೆನ್ನುವ ಜೂನ್ 10ನ್ನೇ ಕೂಟದ ಹುಟ್ಟುದಿನವಾಗಿ ಆಚರಿಸಲಾಗುತ್ತದೆ.

1939ರ ಪುಸ್ತಕವೊಂದು ಚೇತರಿಕೆಯ ಹನ್ನೆರಡು ಹೆಜ್ಜೆಗಳನ್ನು ವಿವರಿಸಿತು. ಅದೇ ವರ್ಷ ಸಿಸ್ಟರ್ ಇಗ್ನೇಷಿಯಾ ಆಕ್ರನ್‌ನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವ್ಯಸನಿಗಳಿಗೆ ಹಾಸಿಗೆ ಒದಗಿಸಿದರು. ಅಂದಿಗೆ ಅದು ನಿಜವಾದ ಧೈರ್ಯ. ಅಮೆರಿಕದ ವೈದ್ಯಕೀಯ ಸಂಘ ಮದ್ಯವ್ಯಸನವನ್ನು ಕಾಯಿಲೆಯೆಂದು ಒಪ್ಪಿದ್ದು 1956ರಲ್ಲಿ.