ಬ್ರಿಕ್ ಲೇನ್: ವಲಸೆ ಬಂದವರು ಕಟ್ಟಿದ ಬೀದಿ

ಲಂಡನ್ನಿನ ಪೂರ್ವ ಭಾಗದಲ್ಲಿ ಬ್ರಿಕ್ ಲೇನ್ ಮತ್ತು ಫೋರ್ನಿಯರ್ ಬೀದಿಗಳು ಕೂಡುವ ಮೂಲೆಯಲ್ಲಿ ಇಟ್ಟಿಗೆಯ ಹಳೆಯ ಕಟ್ಟಡವೊಂದಿದೆ. ಫ್ರಾನ್ಸಿನಿಂದ ಬಂದ ಪ್ರಾಟೆಸ್ಟಂಟರು 1743ರಲ್ಲಿ ಅದನ್ನು ತಮ್ಮ ಚರ್ಚಾಗಿ ಕಟ್ಟಿದರು. 1819ರಲ್ಲಿ ಅದು ಮೆಥಡಿಸ್ಟ್ ಪಂಥದವರ ಪ್ರಾರ್ಥನಾ ಮಂದಿರವಾಯಿತು. 1898ರಲ್ಲಿ ಯಹೂದಿಗಳ ಸಿನಗಾಗ್ ಆಯಿತು. 1976ರಿಂದ ಅದು ಮಸೀದಿಯಾಗಿದೆ. ಗೋಡೆಯ ಮೇಲಿನ ನೆರಳು ಗಡಿಯಾರದಲ್ಲಿ 1743 ಎಂಬ ಇಸವಿ ಇಂದಿಗೂ ಕಾಣುತ್ತದೆ. ದೇವರನ್ನು ಕರೆಯುವ ಭಾಷೆ ಬದಲಾಗಿದೆ, ಗೋಡೆಗಳು ಮಾತ್ರ ಅವೇ.

ವಲಸೆ ಮತ್ತು ಅಭಿವೃದ್ಧಿ ಸೇರಿ ಒಂದು ಬಡಾವಣೆಯನ್ನು ಹೇಗೆ ಬದಲಾಯಿಸುತ್ತವೆ ಎಂದು ತಿಳಿಯಲು ಬ್ರಿಕ್ ಲೇನ್ ಮತ್ತು ಅದನ್ನೊಳಗೊಂಡ ಸ್ಪಿಟಲ್‌ಫೀಲ್ಡ್ಸ್ ಪ್ರದೇಶಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಕೋಟೆಯ ಹೊರಗಿನ ನೆಲ

1197ರಲ್ಲಿ ಸ್ಥಾಪನೆಯಾದ ಸೇಂಟ್ ಮೇರಿ ಸ್ಪಿಟಲ್ ಎಂಬ ಮಠದ ಆಸ್ಪತ್ರೆಯಿಂದ ಸ್ಪಿಟಲ್‌ಫೀಲ್ಡ್ಸ್‌ಗೆ ಆ ಹೆಸರು ಬಂದಿತು. ಇಟ್ಟಿಗೆ ಸುಡುತ್ತಿದ್ದ ಜಾಗವಾದ್ದರಿಂದ ಬೀದಿ ಬ್ರಿಕ್ ಲೇನ್ ಎನಿಸಿತು. ಈ ಪ್ರದೇಶ ಲಂಡನ್ ಸಿಟಿಯ ಕೋಟೆಗೋಡೆಯ ಹೊರಗಿತ್ತು. ಆದ್ದರಿಂದ ಸಿಟಿಯ ಕಸುಬುದಾರರ ಸಂಘಗಳ ಕಟ್ಟುಪಾಡು ಇಲ್ಲಿ ಬಿಗಿಯಾಗಿರಲಿಲ್ಲ. ಬಾಡಿಗೆ ಕಡಿಮೆ, ಮಾರುಕಟ್ಟೆ ಕೂಗಳತೆಯ ದೂರದಲ್ಲಿ, ಬಂದರೂ ಸಮೀಪದಲ್ಲಿ. ಊರಿಗೆ ಹೊಸದಾಗಿ ಬಂದವನಿಗೆ ಬೇಕಾದುದೆಲ್ಲ ಇಲ್ಲಿತ್ತು. ಮುಂದಿನ ಮುನ್ನೂರು ವರ್ಷಗಳ ಕಥೆಗೆ ಮೂಲ ಕಾರಣ ಇದೇ.

ರೇಷ್ಮೆ ನೇಕಾರರು

ಪ್ರಾಟೆಸ್ಟಂಟರಿಗೆ ಧಾರ್ಮಿಕ ಸ್ವಾತಂತ್ರ್ಯ ನೀಡಿದ್ದ ನಾಂಟ್ ಶಾಸನವನ್ನು ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ 1685ರಲ್ಲಿ ರದ್ದುಪಡಿಸಿದನು. ಹ್ಯೂಗನಾಟರು ಎಂದು ಹೆಸರಾದ ಈ ಜನ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಇಂಗ್ಲೆಂಡಿಗೆ ಓಡಿಬಂದರು. ನಿರಾಶ್ರಿತರನ್ನು ಸೂಚಿಸುವ ‘ರೆಫ್ಯೂಜಿ’ ಎಂಬ ಪದ ಇಂಗ್ಲಿಷಿಗೆ ಬಂದದ್ದು ಇವರೊಂದಿಗೇ. ಅವರಲ್ಲಿ ಅನೇಕರು ರೇಷ್ಮೆ ನೇಯ್ಗೆಯಲ್ಲಿ ನುರಿತವರಾಗಿದ್ದರು. ಫೋರ್ನಿಯರ್ ಬೀದಿಯಂತಹ ಕಡೆ ಸಿರಿವಂತ ರೇಷ್ಮೆ ವರ್ತಕರ ಮನೆಗಳು ಎದ್ದವು. ಮಗ್ಗಕ್ಕೆ ಬೆಳಕು ಬೇಕಾದ್ದರಿಂದ ಅಟ್ಟಗಳಿಗೆ ಅಗಲವಾದ ಕಿಟಕಿಗಳನ್ನು ಇಡಲಾಯಿತು.

ಏಳಿಗೆ ಎಲ್ಲರಿಗೂ ಸಮನಾಗಿ ದಕ್ಕಲಿಲ್ಲ. ಕೂಲಿ ಕುಸಿದಾಗ 1760ರ ದಶಕದಲ್ಲಿ ನೇಕಾರರು ದಂಗೆ ಎದ್ದರು. 1769ರಲ್ಲಿ ಕೆಲವರನ್ನು ಗಲ್ಲಿಗೇರಿಸಲಾಯಿತು. 1773ರ ಕಾಯ್ದೆ ಕೂಲಿಯನ್ನು ನಿಗದಿಪಡಿಸುವ ಅಧಿಕಾರವನ್ನು ನ್ಯಾಯಾಧಿಕಾರಿಗಳಿಗೆ ಕೊಟ್ಟಿತು. 1824ರಲ್ಲಿ ಆ ಕಾಯ್ದೆ ರದ್ದಾಯಿತು. 1860ರಲ್ಲಿ ಫ್ರಾನ್ಸಿನೊಂದಿಗೆ ಆದ ವ್ಯಾಪಾರ ಒಪ್ಪಂದ ಅಲ್ಲಿನ ರೇಷ್ಮೆಗೆ ಬಾಗಿಲು ತೆರೆಯಿತು. ಅಷ್ಟರಲ್ಲಾಗಲೇ ಹ್ಯೂಗನಾಟರ ಮೊಮ್ಮಕ್ಕಳು ಆಂಗ್ಲರಲ್ಲಿ ಬೆರೆತುಹೋಗಿದ್ದರು. ವರ್ತಕರ ಭವ್ಯ ಮನೆಗಳು ಕೋಣೆ ಕೋಣೆಯಾಗಿ ಒಡೆದು, ಬಡವರ ಬಾಡಿಗೆ ವಠಾರಗಳಾದವು.

ಹೊಲಿಗೆ ಯಂತ್ರದ ಕಾಲ

1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಹತ್ಯೆಯಾಯಿತು. ಅದರ ಬೆನ್ನಿಗೆ ಆ ಸಾಮ್ರಾಜ್ಯದಲ್ಲಿ ಯಹೂದಿಗಳ ಮೇಲೆ ಹಿಂಸಾಚಾರ ನಡೆಯಿತು. ಅಲ್ಲಿಂದ 1914ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಯಹೂದಿಗಳು ಬ್ರಿಟನ್ನಿಗೆ ಬಂದು ನೆಲೆಸಿದರು. ಹಡಗಿನಿಂದ ಇಳಿದ ಬಹುಮಂದಿ ನಡೆದು ತಲುಪಿದ್ದು ಇದೇ ವಠಾರಗಳನ್ನು. 1900ರಲ್ಲಿ ಪ್ರಕಟವಾದ ಒಂದು ನಕ್ಷೆಯಲ್ಲಿ ಇಲ್ಲಿನ ಕೆಲವು ಬೀದಿಗಳ ನಿವಾಸಿಗಳಲ್ಲಿ ಶೇಕಡ 95ಕ್ಕೂ ಹೆಚ್ಚು ಮಂದಿ ಯಹೂದಿಗಳೆಂದು ಗುರುತಿಸಲಾಗಿದೆ.

ನೇಕಾರನ ಅಟ್ಟ ಈಗ ದರ್ಜಿಯ ಕಾರ್ಖಾನೆಯಾಯಿತು. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿಪೆಟ್ಟಿಗೆ, ಒಂದು ಕೋಣೆ ಇದ್ದರೆ ಕಸುಬು ಆರಂಭವಾಗುತ್ತಿತ್ತು. ಜನಸಂದಣಿ, ಬಾಡಿಗೆ ಏರಿಕೆ, ಕಡಿಮೆ ಕೂಲಿ ಇವುಗಳ ಹೊಣೆಯನ್ನು ಹೊಸಬರ ತಲೆಗೆ ಕಟ್ಟಿದ ಚಳವಳಿ ಬಲಗೊಂಡು, 1905ರಲ್ಲಿ ವಿದೇಶೀಯರ ಪ್ರವೇಶವನ್ನು ನಿರ್ಬಂಧಿಸುವ ಕಾಯ್ದೆ ಬಂದಿತು. 1936ರ ಅಕ್ಟೋಬರ್ 4ರಂದು ಆಸ್‌ವಾಲ್ಡ್ ಮೋಸ್ಲಿಯ ಫ್ಯಾಸಿಸ್ಟರು ಪೂರ್ವ ಲಂಡನ್ನಿನಲ್ಲಿ ಮೆರವಣಿಗೆಗೆ ಹೊರಟಾಗ, ಸಮೀಪದ ಕೇಬಲ್ ಬೀದಿಯಲ್ಲಿ ಯಹೂದಿಗಳು, ಐರಿಷ್ ಬಂದರು ಕಾರ್ಮಿಕರು ಮತ್ತು ಎಡಪಂಥೀಯರು ಒಟ್ಟಾಗಿ ಅಡ್ಡಗಟ್ಟಿದರು.

ಎರಡನೆಯ ಮಹಾಯುದ್ಧದ ಬಾಂಬ್ ದಾಳಿ ಅನೇಕ ಮನೆಗಳನ್ನು ನೆಲಸಮ ಮಾಡಿತು. ಅನುಕೂಲಸ್ಥರಾದ ಯಹೂದಿ ಕುಟುಂಬಗಳು ಗೋಲ್ಡರ್ಸ್ ಗ್ರೀನ್, ಇಲ್ಫರ್ಡ್ ಮೊದಲಾದ ಬಡಾವಣೆಗಳಿಗೆ ತೆರಳಿದವು. ಸಿನಗಾಗ್ ಬರಿದಾಯಿತು.

ಸಿಲ್ಹೆಟ್ಟಿನಿಂದ ಬಂದವರು

ಸಿಲ್ಹೆಟ್ ಪ್ರಾಂತದ ಯುವಕರು ಬ್ರಿಟಿಷ್ ಹಡಗುಗಳಲ್ಲಿ ಲಸ್ಕರರಾಗಿ, ಅಂದರೆ ನಾವಿಕ ಕೂಲಿಗಳಾಗಿ, ಬಹುಕಾಲದಿಂದ ದುಡಿಯುತ್ತಿದ್ದರು. ಕೆಲವರು ಲಂಡನ್ನಿನಲ್ಲೇ ಉಳಿದರು. ಮೊದಲು ಗಂಡಸರು ಮಾತ್ರ, ಅದೂ ಹಣ ಕೂಡಿಸಿ ಊರಿಗೆ ಮರಳುವ ಎಣಿಕೆಯಿಂದ. 1962ರ ನಂತರ ಬ್ರಿಟನ್ನಿನ ವಲಸೆ ಕಾನೂನು ಬಿಗಿಯಾಗುತ್ತ ಹೋಯಿತು. ಹೋಗಿ ಬರುವುದು ಕಷ್ಟವಾದ್ದರಿಂದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದೇ ಲೇಸೆಂದು ಹಲವರು ಬಗೆದರು. ವಲಸೆಯನ್ನು ತಡೆಯಲೆಂದು ಬಂದ ಕಾನೂನು ತಾತ್ಕಾಲಿಕ ಬಿಡಾರವನ್ನು ಶಾಶ್ವತ ನೆಲೆಯಾಗಿ ಮಾಡಿದ್ದು ಹೀಗೆ. 1971ರಲ್ಲಿ ಬಾಂಗ್ಲಾದೇಶದ ವಿಮೋಚನೆಯ ಯುದ್ಧ ನಡೆದ ಮೇಲೆ ಬರುವವರ ಸಂಖ್ಯೆ ಹೆಚ್ಚಿತು.

ಯಹೂದಿಗಳು ಬಿಟ್ಟುಹೋದ ಉಡುಪು ಕಾರ್ಖಾನೆಗಳಲ್ಲಿ ಬಂಗಾಳಿಗಳು ಕೆಲಸಕ್ಕೆ ಕುಳಿತರು. ಹಳೆಯ ದ್ವೇಷವೂ ಮರುಕಳಿಸಿತು. 1978ರ ಮೇ 4ರಂದು ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಅಲ್ತಾಬ್ ಅಲಿ ಎಂಬ ಯುವ ಉಡುಪು ಕಾರ್ಮಿಕನನ್ನು ಇರಿದು ಕೊಲ್ಲಲಾಯಿತು. ಹತ್ತು ದಿನಗಳ ನಂತರ ಸಾವಿರಾರು ಮಂದಿ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ನಿವಾಸವಿರುವ ಡೌನಿಂಗ್ ಬೀದಿಯವರೆಗೆ ನಡೆದರು. ಕೊಲೆ ನಡೆದ ಸ್ಥಳದ ಬಳಿಯ ಉದ್ಯಾನಕ್ಕೆ 1998ರಲ್ಲಿ ಅವನ ಹೆಸರನ್ನಿಡಲಾಯಿತು.

ಉಡುಪು ಉದ್ಯಮ ಸೊರಗಿದಾಗ ಹೋಟೆಲು ಕೈಹಿಡಿಯಿತು. 1990ರ ದಶಕದ ಕೊನೆಗೆ ಬೀದಿಯ ತುಂಬ ಕರಿ ಹೌಸ್‌ಗಳು. ಸ್ಥಳೀಯ ಆಡಳಿತ ಈ ಪ್ರದೇಶವನ್ನು ‘ಬಾಂಗ್ಲಾ ಟೌನ್’ ಎಂದು ಪ್ರಚಾರ ಮಾಡಿತು. ವಾರ್ಡಿನ ಹೆಸರಿನಲ್ಲೂ ಅದು ಸೇರಿತು.

ನಾಲ್ಕನೆಯ ಅಲೆ: ಬಂಡವಾಳ

ಇದುವರೆಗೆ ಬಂದವರೆಲ್ಲ ಬಡವರು. ನಾಲ್ಕನೆಯ ಅಲೆ ಪಕ್ಕದ ಹಣಕಾಸು ಕೇಂದ್ರವಾದ ಲಂಡನ್ ಸಿಟಿಯಿಂದಲೇ ಬಂದಿತು. 1977ರಲ್ಲಿ ಸ್ಥಾಪನೆಯಾದ ಒಂದು ಟ್ರಸ್ಟ್ ಹದಿನೆಂಟನೆಯ ಶತಮಾನದ ಮನೆಗಳನ್ನು ಕೆಡಹದಂತೆ ಉಳಿಸಿತು. ಕಲಾವಿದರು ಅವನ್ನು ಕೊಂಡು ದುರಸ್ತಿ ಮಾಡಿಸಿದರು. 1980ರ ದಶಕದ ಕೊನೆಯಲ್ಲಿ ಟ್ರೂಮನ್ ಮದ್ಯ ತಯಾರಿಕಾ ಘಟಕ ಮುಚ್ಚಿತು. 1991ರಲ್ಲಿ ಸಗಟು ಹಣ್ಣು ತರಕಾರಿ ಮಾರುಕಟ್ಟೆ ಲೇಟನ್‌ಗೆ ಸ್ಥಳಾಂತರಗೊಂಡಿತು. ಆ ಜಾಗಗಳಲ್ಲಿ ಕಚೇರಿ, ಗ್ಯಾಲರಿ, ಅಂಗಡಿ, ಕಾಫಿಗೃಹಗಳು ಬಂದವು. 2010ರಲ್ಲಿ ಶೋರ್‌ಡಿಚ್ ಹೈ ಸ್ಟ್ರೀಟ್ ರೈಲು ನಿಲ್ದಾಣ ತೆರೆಯಿತು. ನೇಕಾರರು ಕಣ್ಣು ಸವೆಸಿದ ಅಟ್ಟದ ಕಿಟಕಿಗಳು ಈಗ ಲಕ್ಷಾಂತರ ಪೌಂಡ್ ಬೆಲೆಯ ಮನೆಗಳ ಆಕರ್ಷಣೆಯಾಗಿವೆ.

ಪರಿಣಾಮ ಹೋಟೆಲುಗಳ ಮೇಲೆ ನೇರವಾಗಿ ಕಾಣುತ್ತದೆ. ರನ್ನಿಮೀಡ್ ಟ್ರಸ್ಟ್ ನೆರವಿನಿಂದ ನಡೆದ ಅಧ್ಯಯನವೊಂದರ ಪ್ರಕಾರ, 2000ದ ದಶಕದ ಮಧ್ಯದಲ್ಲಿ ಸುಮಾರು 60 ಇದ್ದ ಇಲ್ಲಿನ ಕರಿ ಹೌಸ್‌ಗಳು 2020ರ ಆರಂಭಕ್ಕೆ 23ಕ್ಕೆ ಇಳಿದಿದ್ದವು. ಬಾಡಿಗೆ ಮತ್ತು ತೆರಿಗೆಯ ಏರಿಕೆ, ಅಡುಗೆಯವರಿಗೆ ವೀಸಾ ಸಿಗದಿರುವುದು, ಓದಿದ ಮಕ್ಕಳು ತಂದೆಯ ಹೋಟೆಲನ್ನು ಬಯಸದಿರುವುದು ಇದರ ಕಾರಣಗಳು. ಟ್ರೂಮನ್ ಘಟಕದ ಆವರಣದಲ್ಲಿ ಅಂಗಡಿ ಮತ್ತು ಕಚೇರಿಗಳ ಹೊಸ ಸಂಕೀರ್ಣಕ್ಕೆ 2021ರಲ್ಲಿ ಸ್ಥಳೀಯ ಆಡಳಿತ ಅನುಮತಿ ನೀಡಿದಾಗ ಸಾವಿರಾರು ಆಕ್ಷೇಪಣೆಗಳು ಸಲ್ಲಿಕೆಯಾಗಿದ್ದವು. ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಯಾರ ಬೀದಿ?

ಕಾಲಕಾಲಕ್ಕೆ ಜನ ಬದಲಾಗುವುದು ಈ ಬೀದಿಯ ಸ್ವಭಾವ, ಆದ್ದರಿಂದ ಈಗಿನ ಬದಲಾವಣೆಗೂ ಮರುಗಬೇಕಿಲ್ಲ ಎಂಬ ವಾದವುಂಟು. ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಹ್ಯೂಗನಾಟರು ಮತ್ತು ಯಹೂದಿಗಳಲ್ಲಿ ಬಹುಮಂದಿ ಕೈಯಲ್ಲಿ ನಾಲ್ಕು ಕಾಸಾದ ಮೇಲೆ ಉತ್ತಮ ಮನೆ ಹುಡುಕಿ ಹೊರಟರು. ಅವರು ತೆರವು ಮಾಡಿದ ಅಗ್ಗದ ಕೋಣೆಗೆ ಮತ್ತೊಬ್ಬ ಬಡವ ಬಂದನು. ಇಂದು ಬಂಗಾಳಿಗಳಲ್ಲಿ ಸ್ವಇಚ್ಛೆಯಿಂದ ಹೊರಟವರೂ ಇದ್ದಾರೆ, ಬಾಡಿಗೆ ತೆರಲಾರದೆ ಹೊರಟವರೂ ಇದ್ದಾರೆ. ಅವರು ಬಿಟ್ಟ ಜಾಗ ಮತ್ತೊಬ್ಬ ಬಡವನ ಕೈಗೆಟುಕುವುದಿಲ್ಲ. ಏಣಿಯ ಕೆಳಗಿನ ಮೆಟ್ಟಿಲೇ ಕಾಣೆಯಾಗಿದೆ.

ಇಷ್ಟಾದರೂ ಈ ವಾರ್ಡಿನಲ್ಲಿ ಬಂಗಾಳಿಗಳು ಇಂದಿಗೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಸಾರ್ವಜನಿಕ ವಸತಿ ಗೃಹಗಳು ಇದಕ್ಕೆ ಬಹುಮಟ್ಟಿಗೆ ಕಾರಣ. ಹತ್ತಿರದ ವೈಟ್‌ಚಾಪೆಲ್ ನಿಲ್ದಾಣದಲ್ಲಿ 2022ರಿಂದ ಹೆಸರಿನ ಫಲಕ ಬಂಗಾಳಿ ಲಿಪಿಯಲ್ಲೂ ಇದೆ. ಬೀದಿಯ ಉತ್ತರ ತುದಿಯಲ್ಲಿ ಯಹೂದಿಗಳ ಬೇಗಲ್ ರೊಟ್ಟಿಯ ಅಂಗಡಿ ಇನ್ನೂ ಗಿರಾಕಿಗಳಿಂದ ತುಂಬಿರುತ್ತದೆ. ಫಲಕ ಮತ್ತು ತಿನಿಸು ನೆನಪನ್ನು ಉಳಿಸಬಲ್ಲವು. ಜನರನ್ನು ಉಳಿಸಲು ಕೈಗೆಟುಕುವ ಬಾಡಿಗೆಯ ಮನೆ ಮತ್ತು ಮಳಿಗೆ ಬೇಕು. ಬ್ರಿಕ್ ಲೇನಿನ ಮುಂದಿನ ಅಧ್ಯಾಯ ನಿಂತಿರುವುದು ಅದರ ಮೇಲೆ.