ಮೈಷುಗರ್ ಗೇಟಿನ ಒಳಗೆ

ಮಂಡ್ಯದ ಸಕ್ಕರೆ ಕಾರ್ಖಾನೆಯ ಕಥೆಯನ್ನು ಯಾರೇ ಹೇಳಲಿ, ಮೂರು ಹೆಸರು ಬಂದೇ ಬರುತ್ತವೆ: ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ಮಿರ್ಜಾ ಇಸ್ಮಾಯಿಲ್, ಮೈಸೂರು ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಬರಬೇಕಾದ ಹೆಸರುಗಳೇ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿಯುತ್ತ ಬಂದು, ಹುಲಿಕೆರೆಯ ಗುಡ್ಡ ಕೊರೆದು ಇರ್ವಿನ್ ನಾಲೆಯಲ್ಲಿ ಕಾವೇರಿ ಈ ಕಡೆ ಹರಿದಾಗ, ರಾಗಿ ಹುರುಳಿ ನಂಬಿದ್ದ ಬೆದ್ದಲಿಗೆ ಹೊಸ ಬೆಳೆ ಬೇಕಾಯಿತು. ಭತ್ತದ ಜೊತೆ ಕಬ್ಬು ಬಂತು. ಹೊರದೇಶದ ಸಕ್ಕರೆಯ ಪೈಪೋಟಿಯಿಂದ ಇಲ್ಲಿನ ಕಾರ್ಖಾನೆಗಳನ್ನು ಕಾಯುವ ಕಾಯಿದೆ 1932ರಲ್ಲಿ ಬಂತು. ಮರುವರ್ಷವೇ ಮೈಸೂರು ಸಕ್ಕರೆ ಕಂಪನಿ, ಅಂದರೆ ಮೈಷುಗರ್, ಹುಟ್ಟಿತು. ಸರ್ಕಾರದ ಜೊತೆ ರೈತರೂ ಅದರಲ್ಲಿ ಷೇರುದಾರರು. 1939ರಲ್ಲಿ ಮಂಡ್ಯ, ಮೈಸೂರಿನಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯಾಯಿತು.

ಈ ಚರಿತ್ರೆ ಗೇಟಿನ ತನಕ ಬಂದು ಅಲ್ಲೇ ನಿಂತುಬಿಡುತ್ತದೆ. ಒಳಗೆ ದುಡಿದವರು ಮಾತಿಗೆ ಕೂತರೆ ದಿವಾನರಿಂದ ಶುರು ಮಾಡುವುದಿಲ್ಲ, ತಾವು ಯಾವ ಸೆಕ್ಷನ್ನಿನಲ್ಲಿದ್ದೆವು ಎಂಬುದರಿಂದ ಶುರು ಮಾಡುತ್ತಾರೆ. ಯಾರ್ಡ್, ಮಿಲ್, ಬಾಯ್ಲರ್, ಬಾಯ್ಲಿಂಗ್ ಹೌಸ್, ಗೋಡೌನ್. ಅಷ್ಟು ಹೇಳಿದರೆ ಸಾಕು, ಆ ಮನುಷ್ಯ ಯಾವ ಶಾಖದಲ್ಲಿ ಬೆಂದಿದ್ದಾನೆ, ಯಾವ ದೂಳು ಕುಡಿದಿದ್ದಾನೆ, ಅವನ ಕಿವಿ ಏಕೆ ಮಂದವಾಗಿದೆ ಎಂಬುದು ಜೊತೆಯವರಿಗೆ ತಿಳಿಯುತ್ತದೆ.

ಯಾರ್ಡಿನವರ ನೆನಪೆಲ್ಲ ಗಾಡಿ ಸಾಲಿನದು. ಕಡಿದ ಕಬ್ಬು ಕಾಯುವುದಿಲ್ಲ. ಹೊತ್ತು ಕಳೆದಷ್ಟೂ ಒಣಗಿ ರೈತನಿಗೆ ತೂಕ ನಷ್ಟ, ರಸದ ಸಕ್ಕರೆ ಇಳಿದು ಕಾರ್ಖಾನೆಗೂ ನಷ್ಟ. ಆದರೂ ಹಂಗಾಮು ಏರಿದಾಗ ಎತ್ತಿನ ಗಾಡಿಗಳು, ಆಮೇಲಿನ ಕಾಲಕ್ಕೆ ಟ್ರ್ಯಾಕ್ಟರು ಲಾರಿಗಳು, ರಾತ್ರಿಯೆಲ್ಲ ರಸ್ತೆಯಲ್ಲೇ ನಿಲ್ಲುತ್ತಿದ್ದವು. ಗಾಡಿ ಕೆಳಗೆ ಗೋಣಿತಾಟು ಹಾಸಿ ಮಲಗಿದ ರೈತ, ತೂಕದ ಮನೆಯಲ್ಲಿ ಚೀಟಿ ಬರೆಯುವವನಿಗೆ ಎಷ್ಟೋ ಸಲ ದಾಯಾದಿ, ಇಲ್ಲವೇ ಒಡಹುಟ್ಟಿದವನು. ಒಂದೇ ಮನೆಯಲ್ಲಿ ಹಿರಿಯ ಮಗ ಕಬ್ಬು ಬೆಳೆದ, ಕಿರಿಯವ ಫ್ಯಾಕ್ಟರಿ ಸೇರಿದ. "ಅಣ್ಣಾ, ನಮ್ ಗಾಡಿ ಯಾವಾಗ ತೂಕಕ್ಕೆ ಹೋಯ್ತದೆ?" ಅಂತ ಆ ಕಿರಿಯವನನ್ನು ಕೇಳಿಕೊಂಡು ಬಂದ ಪಕ್ಕದ ಹೊಲದವನಿಗೆ ಏನು ಉತ್ತರ ಕೊಡುವುದು? ಬೆಲೆ ಬಾಕಿಗಾಗಿ ರೈತರು ಗೇಟಿನ ಮುಂದೆ ಕೂತ ದಿನಗಳಲ್ಲಿ ಈ ಸಂಕಟ ಇನ್ನೂ ದೊಡ್ಡದು. ಕಾರ್ಮಿಕ, ರೈತ ಎಂದು ಎರಡು ಗುಂಪು ಮಾಡಿ ಬರೆದ ವರದಿಗಳಲ್ಲಿ ಇದು ಕಾಣುವುದಿಲ್ಲ. ಮಂಡ್ಯದಲ್ಲಿ ಆ ಎರಡೂ ಒಂದೇ ಪಡಸಾಲೆಯಲ್ಲಿ ಉಂಡವು.

ಮಿಲ್ಲಿನಲ್ಲಿ ಮಾತಿಲ್ಲ, ಸನ್ನೆಯೇ ಎಲ್ಲ. ಕತ್ತಿಗಳು ಕೊಚ್ಚಿದ ಕಬ್ಬು ಉರುಳೆಯಿಂದ ಉರುಳೆಗೆ ಹಿಂಡಿಸಿಕೊಂಡು ಹೋಗುತ್ತದೆ. ನಡುವೆ ನೀರು ಬಿಟ್ಟು ಉಳಿದ ಸಿಹಿಯನ್ನೂ ತೊಳೆದು ತೆಗೆಯುತ್ತಾರೆ. ಉಳಿದ ಸಿಪ್ಪೆ ನೇರ ಬಾಯ್ಲರಿಗೆ. ನೂರು ಟನ್ ಕಬ್ಬಿಗೆ ಸುಮಾರು 30 ಟನ್ ಸಿಪ್ಪೆ, ಹತ್ತರ ಹತ್ತಿರ ಸಕ್ಕರೆ, ನಾಲ್ಕೈದು ಟನ್ ಕಾಕಂಬಿ. ಕಬ್ಬೇ ತನ್ನನ್ನು ಕಾಯಿಸುವ ಬೆಂಕಿಯನ್ನೂ ತಂದುಕೊಡುತ್ತದೆ. ಆ ಬೆಂಕಿಯ ಕಪ್ಪು ಬೂದಿ ಚಿಮಣಿಯಿಂದ ಹಾರಿ ಊರಿನ ಮೇಲೆ ಉದುರುತ್ತಿತ್ತು. ಸುತ್ತಲಿನ ಮನೆಗಳ ಹೆಂಗಸರಿಗೆ ಹಂಗಾಮು ಶುರುವಾದದ್ದು ಒಣಹಾಕಿದ ಬಿಳಿ ಬಟ್ಟೆ ನೋಡಿದರೆ ಗೊತ್ತಾಗುತ್ತಿತ್ತು. ಗಂಡಸರ ಅಂಗಿಯ ಕಾಕಂಬಿ ಜಿಗುಟು ಎಷ್ಟು ಒಗೆದರೂ ಬಿಡುತ್ತಿರಲಿಲ್ಲ. ಫ್ಯಾಕ್ಟರಿಯ ನೆನಪು ಕೇಳುವವರು ಗಂಡಸರನ್ನಷ್ಟೇ ಕೇಳಿ ಎದ್ದುಬಿಡುತ್ತಾರೆ; ಆ ಅಂಗಿ ಒಗೆದವರನ್ನೂ ಕೇಳಬೇಕು.

ರಸ ಕುದಿಸುವ ಕಡೆಗೆ ಬಂದರೆ ನನಗೆ ಅತಿ ದೊಡ್ಡ ಮನುಷ್ಯನಾಗಿ ಕಾಣುವವನು ಪ್ಯಾನ್‌ಮನ್. ಸುಣ್ಣ ಹಾಕಿ, ಗಂಧಕದ ಹೊಗೆ ಹಾಯಿಸಿ, ಮಡ್ಡಿ ತೆಗೆದು, ಆವಿಯಾಗಿಸಿ ಮಂದ ಮಾಡಿದ ಪಾಕ ಅವನ ಕೈಗೆ ಬರುತ್ತದೆ. ಗಾಳಿ ಹೀರಿ ತೆಗೆದ ಪ್ಯಾನಿನೊಳಗೆ ಪಾಕ ಕಡಿಮೆ ಶಾಖಕ್ಕೇ ಕುದಿಯುತ್ತದೆ, ಹಾಗಾಗಿ ಸೀಯುವುದಿಲ್ಲ. ಕಾಳು ಯಾವಾಗ ಕಟ್ಟಿತು, ಎಷ್ಟು ಕಟ್ಟಿತು, ಇನ್ನಷ್ಟು ಪಾಕ ಎಳೆಯಬೇಕೋ ಬೇಡವೋ ಎಂಬುದು ಅವನ ತೀರ್ಮಾನ. ಕಡ್ಡಿಯಲ್ಲಿ ಚೂರು ಪಾಕ ಹೊರತೆಗೆದು, ಗಾಜಿನ ತುಂಡಿನ ಮೇಲೆ ಸವರಿ, ಬೆಳಕಿಗೆ ಹಿಡಿದು ನೋಡುತ್ತಾನೆ. ಎರಡು ಬೆರಳ ನಡುವೆ ಎಳೆದು ನೋಡುತ್ತಾನೆ. ಗಡಿಬಿಡಿ ಮಾಡಿದರೆ ಪುಡಿಕಾಳು ಹುಟ್ಟಿ, ಮುಂದೆ ಗಿರಗಿರ ತಿರುಗುವ ಯಂತ್ರದಲ್ಲಿ ಕಾಕಂಬಿಯ ಜೊತೆಗೇ ಹರಿದು ಹೋಗುತ್ತದೆ. ಆಲೆಮನೆಯಲ್ಲಿ ಬೆಲ್ಲ ಇಳಿಸುವ ಹದ ಬಲ್ಲ ಸೀಮೆ ಇದು. ಕೊಪ್ಪರಿಗೆಯ ಮುಂದೆ ನಿಂತು ಪಾಕ ನೋಡುತ್ತಿದ್ದವರ ಮಕ್ಕಳಿಗೆ ಪ್ಯಾನಿನ ಗಾಜಿನ ಕಿಂಡಿ ಪರಕೀಯ ಅನ್ನಿಸಲಿಲ್ಲ ಎಂದೇ ನಾನು ನಂಬಿದ್ದೇನೆ. ಪುಸ್ತಕ ಓದಿ ಬಂದ ಕೆಮಿಸ್ಟರೂ ಹಳೇ ಪ್ಯಾನ್‌ಮನ್ನನ ಮಾತಿಗೆ ತಲೆಯಾಡಿಸಬೇಕಿತ್ತು.

ಗಿರಣಿ ಒಮ್ಮೆ ಅರೆಯಲು ಹಿಡಿಯಿತೆಂದರೆ ಹಗಲು ರಾತ್ರಿ ಇಲ್ಲ. ಗೌರಿ ಗಣೇಶ ಬರಲಿ, ದಸರಾ ಬರಲಿ, ಪಾಳಿ ತಪ್ಪದು. ಸೈರನ್ ಕೂಗಿದರೆ ಊರಿನ ಅರ್ಧ ಜನ ಎದ್ದರು, ಇನ್ನರ್ಧ ಮಲಗಲು ಹೊರಟರು; ಗಡಿಯಾರ ಇಲ್ಲದ ಮನೆಗಳಲ್ಲಿ ಮಕ್ಕಳನ್ನು ಸ್ಕೂಲಿಗೆ ಎಬ್ಬಿಸಲೂ ಅದೇ ಕೂಗು. ಬಟವಾಡೆಯ ದಿನ ಪೇಟೆಯ ಅಂಗಡಿಗಳಲ್ಲಿ ಸಾಲದ ಪುಸ್ತಕ ಚುಕ್ತಾ ಆಗುತ್ತಿತ್ತು. ಲಾರಿಯ ಹಿಂದೆ ಓಡಿ ಜಲ್ಲೆ ಎಳೆದ ಹುಡುಗರ ವಿಷಯ ಬರೆಯುವುದೇ ಬೇಡ, ಮಂಡ್ಯದಲ್ಲಿ ಬೆಳೆದ ಯಾರನ್ನು ಕೇಳಿದರೂ ಹೇಳುತ್ತಾರೆ.

ಹೊರಗಿನವರು ಕಾಣದ ದಿನಗಳು ಹಂಗಾಮು ಮುಗಿದ ಮೇಲಿನವು. ಆಗ ಯಂತ್ರ ಬಿಚ್ಚುವ ಕಾಲ. ಉರುಳೆಗಳ ಸವೆದ ಹಲ್ಲು ತಿದ್ದಬೇಕು, ಬಾಯ್ಲರಿನ ಹೊಟ್ಟೆಗಿಳಿಯಬೇಕು, ರಸ ಕುದಿದ ಕೊಳವೆಗಳ ಒಳಗೋಡೆಗೆ ಕಲ್ಲಿನಂತೆ ಕಚ್ಚಿದ ಗಾರೆಯನ್ನು ಒಂದೊಂದಾಗಿ ಕೆರೆಯಬೇಕು. ಸೀಸನ್ನಿಗಷ್ಟೇ ಸೇರಿಸಿಕೊಂಡಿದ್ದವರು ಈ ಹೊತ್ತಿಗೆ ಊರಿಗೆ ಮರಳಿ ನೇಗಿಲು ಹಿಡಿದಿರುತ್ತಿದ್ದರು. ಖಾಯಂ ಆದವನಿಗೂ ಆಗದವನಿಗೂ ಇದ್ದ ಅಂತರ ಮದುವೆ ಮಾತುಕತೆಯ ಮನೆಯಲ್ಲೂ ಎಣಿಕೆಗೆ ಬರುತ್ತಿತ್ತು.

ದಿನಕ್ಕೆ 5,000 ಟನ್ ಅರೆಯುವ ಮಟ್ಟಕ್ಕೆ ಬೆಳೆದ ಕಾರ್ಖಾನೆ ನಷ್ಟಕ್ಕೆ ಬಿದ್ದದ್ದು, ಹಳೇ ಯಂತ್ರ ಪದೇ ಪದೇ ಕೈಕೊಟ್ಟದ್ದು, ಕೊನೆಗೆ ಕೆಲವು ವರ್ಷ ಪೂರ್ತಿ ನಿಂತದ್ದು ಈಗಿನವರಿಗೂ ಗೊತ್ತು. ಖಾಸಗಿಯವರಿಗೆ ಒಪ್ಪಿಸುವ ಮಾತು ಎದ್ದಾಗ ಜಿಲ್ಲೆ ಬೀದಿಗಿಳಿಯಿತು. ಸರ್ಕಾರವೇ ನಡೆಸಬೇಕೆಂಬ ಕೂಗು ಗೆದ್ದು 2022ರಲ್ಲಿ ಮತ್ತೆ ಬಾಯ್ಲರ್ ಹೊತ್ತಿತು. ಈ ನಡುವೆ ಸ್ವಯಂ ನಿವೃತ್ತಿ ಪಡೆದು ಎಷ್ಟೋ ನುರಿತ ಕೈಗಳು ಮನೆಗೆ ಹೋದವು. ಯಂತ್ರದ ಬಿಡಿಭಾಗ ತರಿಸಬಹುದು. ಗಾಜಿನ ತುಂಡನ್ನು ಬೆಳಕಿಗೆ ಹಿಡಿದು ಹದ ಹೇಳುವ ಕಣ್ಣನ್ನು ಎಲ್ಲಿಂದ ತರಿಸುವುದು?

1960ರ ದಶಕದಲ್ಲಿ ಹುಡುಗರಾಗಿ ಸೇರಿದವರಿಗೆ ಈಗ ಎಂಬತ್ತರ ಹತ್ತಿರ. ಅವರ ಮಾತನ್ನು ಸೆಕ್ಷನ್ನಿಗೆ ಸೆಕ್ಷನ್ ಕೂತು ಧ್ವನಿಮುದ್ರಿಸಿಕೊಳ್ಳುವ ಕೆಲಸವನ್ನು ಜಿಲ್ಲೆಯ ಒಂದು ಕಾಲೇಜಾದರೂ ಈ ವರ್ಷವೇ ಹಿಡಿಯಬೇಕು. ಮೊದಲು ಬಾಯ್ಲಿಂಗ್ ಹೌಸಿನವರ ಮನೆಗೆ ಹೋಗಲಿ. ಕಾಳು ಕಟ್ಟಿದ್ದು ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಲಿ. ಕೇಳಿದ ಮೇಲೆ ಉತ್ತರಕ್ಕೆ ಅವಸರ ಮಾಡದೆ, ಅವರ ಕೈಬೆರಳು ಏನು ಮಾಡುತ್ತವೆ ಎಂಬುದನ್ನೂ ಕ್ಯಾಮೆರಾದಲ್ಲಿ ಹಿಡಿದುಕೊಳ್ಳಲಿ.