ದೊಡ್ಡಪ್ಪನ ಕಾಲು ಮತ್ತು ಬಿಳಿ ರಕ್ತಕಣದ ಬಲೆ

ನಾನು ಎರಡನೇ ಪಿಯುಸಿಯಲ್ಲಿದ್ದಾಗ ಹೊಸಹಳ್ಳಿಯಲ್ಲಿ ನಮ್ಮ ದೊಡ್ಡಪ್ಪನಿಗೆ ಹಾವು ಕಚ್ಚಿತು. ಶೇಂಗಾ ಕೀಳುವ ಕಾಲ. ಕಚ್ಚಿದ್ದು ಗರಗಸ ಮಂಡಲ. ಕೂಡ್ಲಿಗಿ ಕಡೆಯ ಕಲ್ಲು, ಕುರುಚಲು ಗಿಡದ ನೆಲ ಅದಕ್ಕೆ ತವರುಮನೆ ಇದ್ದ ಹಾಗೆ. ನೋಡೋಕೆ ಸಣ್ಣ ಹಾವು, ಎರಡಡಿ ಇದ್ದರೆ ಹೆಚ್ಚು. ಸುರುಳಿ ಸುತ್ತಿಕೊಂಡು ಮೈ ಉಜ್ಜಿ ಗರಗಸದ ಸದ್ದು ಮಾಡುತ್ತೆ. ಬೇಗ ಆಸ್ಪತ್ರೆಗೆ ಒಯ್ದರು, ಇಂಜೆಕ್ಷನ್ ಆಯ್ತು, ಜೀವ ಉಳಿಯಿತು. ಆದ್ರೆ ಪಾದ ಮಾತ್ರ ಊದಿ, ಕಪ್ಪಾಗಿ, ಕೊಳೆಯೋಕೆ ಶುರುವಾಯ್ತು. ಕೊನೆಗೆ ಎರಡು ಬೆರಳು ತೆಗೆಯಬೇಕಾಯ್ತು.

"ವಿಷ ಇಳಿದೈತೆ ಅಂತಾರೆ, ಮತ್ಯಾಕಪ್ಪಾ ಕಾಲು ಕೊಳೀತೈತೆ?" ಅಂತ ದೊಡ್ಡಪ್ಪ ನನ್ನನ್ನ ಕೇಳಿದ್ರು. ಸೈನ್ಸ್ ಓದೋ ಹುಡುಗ ನೋಡಿ! ನಂಗೇನು ಗೊತ್ತು ಮಣ್ಣು. ಬಯಾಲಜಿ ಬಿಟ್ಟು ಇಂಜಿನಿಯರಿಂಗ್ ಸೇರಿ ಬೆಂಗಳೂರಿಗೆ ಬಂದು ಬಿದ್ದೆ. ಪ್ರಶ್ನೆ ಮಾತ್ರ ಜೊತೆಗೇ ಬಂತು. ಇತ್ತೀಚೆಗೆ ಕೂತು ಹುಡುಕಿದಾಗ ಉತ್ತರ ಸಿಕ್ಕಿದ್ದು ನಮ್ಮ ಮೈಸೂರಲ್ಲೇ. ಆದ್ರೆ ಕಥೆ ಶುರುವಾಗೋದು ತುಂಬಾ ಹಿಂದೆ.

1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಮೆಚ್ನಿಕಾಫ್ ಅನ್ನೋ ರಷ್ಯಾದ ವಿಜ್ಞಾನಿ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟ. ಮಾರನೇ ದಿನ ನೋಡಿದ್ರೆ ಮುಳ್ಳಿನ ಸುತ್ತ ಜೀವಕೋಶಗಳ ಜಾತ್ರೆ. ಹೊರಗಿಂದ ಬಂದದ್ದನ್ನ ನುಂಗೋ ಕಾವಲುಗಾರರಿವರು ಅಂದ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಜರ್ಮನಿಯ ಅರ್ಲಿಕ್ ರಕ್ತಕ್ಕೆ ಬಣ್ಣ ಹಾಕಿ, ಬಿಳಿ ರಕ್ತಕಣಗಳಲ್ಲಿ ಒಂದು ಜಾತಿಯನ್ನ ಬೇರೆ ಗುರುತಿಸಿದ್ದ. ಅದೇ ನ್ಯೂಟ್ರೋಫಿಲ್. 1908ರಲ್ಲಿ ಇಬ್ಬರಿಗೂ ಒಟ್ಟಿಗೇ ನೊಬೆಲ್ ಬಂತು.

ಈ ನ್ಯೂಟ್ರೋಫಿಲ್‌ನ ಹೊಟ್ಟೆ ತುಂಬಾ ಕಿಣ್ವಗಳ ಪುಟ್ಟ ಚೀಲಗಳು. 1941ರಲ್ಲಿ ಸ್ವೀಡನ್ನಿನ ಅಗ್ನರ್ ಕೀವಿನಿಂದ ಒಂದು ಹಸಿರು ಕಿಣ್ವವನ್ನ ಬೇರ್ಪಡಿಸಿದ. ಗಾಯದ ಕೀವು ಹಸಿರಾಗಿ ಕಾಣೋದು ಇದರಿಂದಲೇ (ಊಟದ ಹೊತ್ತಿಗೆ ಓದ್ತಿದ್ರೆ ಕ್ಷಮಿಸಿ :) ). ಮಯಲೋಪೆರಾಕ್ಸಿಡೇಸ್ ಅಂತ ಈಗಿನ ಹೆಸರು. ಅದು ಮಾಡೋ ಕೆಲಸ ಕೇಳಿ... ಬ್ಲೀಚಿಂಗ್ ಪುಡಿ ಕದಡಿದ ನೀರಲ್ಲಿ ಕ್ರಿಮಿ ಕೊಲ್ಲುವ ಆಮ್ಲ ಇರುತ್ತಲ್ಲ, ಅದನ್ನೇ ನಮ್ಮ ಮೈಯೊಳಗೆ ತಯಾರಿಸೋದು! 1960ರಲ್ಲಿ ಹಿರ್ಷ್ ಮತ್ತು ಕೋನ್ ತೋರಿಸಿದ ಪ್ರಕಾರ, ಕಣ ಬ್ಯಾಕ್ಟೀರಿಯಾ ನುಂಗಿದ ಮೇಲೆ ಈ ಚೀಲಗಳು ಒಡೆದು ಕಿಣ್ವ ಸುರಿಯುತ್ತವೆ.

ಆದ್ರೆ ಈ ಆಯುಧಕ್ಕೆ ನಮ್ಮೋರು ಬೇರೆಯೋರು ಅಂತ ಗೊತ್ತಾಗಲ್ಲ. 1963ರಲ್ಲಿ ಸ್ವೀಡನ್ನಿನಲ್ಲೇ ಲಾರೆಲ್ ಮತ್ತು ಎರಿಕ್ಸನ್ ಸುಮಾರು 1500 ರಕ್ತದ ಮಾದರಿಗಳನ್ನ ನೋಡುವಾಗ ಐದರಲ್ಲಿ ಒಂದು ಪ್ರೋಟೀನು ಇರಲೇ ಇಲ್ಲ. ಆ ಐವರಲ್ಲಿ ಮೂವರಿಗೆ ಶ್ವಾಸಕೋಶ ಸವೆದುಹೋಗುವ ಎಂಫಿಸೀಮಾ ಕಾಯಿಲೆ. ಆಮೇಲೆ ತಿಳಿದದ್ದೇನಂದ್ರೆ, ಆ ಪ್ರೋಟೀನಿನ ಕೆಲಸವೇ ನ್ಯೂಟ್ರೋಫಿಲ್‌ನ ಎಲಾಸ್ಟೇಸ್ ಅನ್ನೋ ಕಿಣ್ವಕ್ಕೆ ಮೂಗುದಾರ ಹಾಕೋದು. ಮೂಗುದಾರ ಇಲ್ಲದಿದ್ರೆ ಅದು ಶ್ವಾಸಕೋಶವನ್ನೇ ಮೇಯುತ್ತೆ.

ಇನ್ನೊಂದು ವಿಚಿತ್ರ ಹೊರಬಿದ್ದದ್ದು 2004ರಲ್ಲಿ, ಬರ್ಲಿನ್ನಿನಲ್ಲಿ. ನ್ಯೂಟ್ರೋಫಿಲ್ ತನ್ನ ಡಿಎನ್‌ಎಯನ್ನೇ ಬಿಚ್ಚಿ ಬಲೆ ಬೀಸುತ್ತಂತೆ, ಅದಕ್ಕೆ ಈ ಕಿಣ್ವಗಳನ್ನ ಅಂಟಿಸಿ! ಒತ್ತಿ ಸುತ್ತಿಟ್ಟ ಡಿಎನ್‌ಎಯನ್ನ ಸಡಿಲ ಮಾಡೋದ್ರಲ್ಲೂ ಎಲಾಸ್ಟೇಸಿನ ಕೈವಾಡ ಇದೆ. ಬ್ಯಾಕ್ಟೀರಿಯಾ ಅದರಲ್ಲಿ ಸಿಕ್ಕಿಬೀಳುತ್ತೆ. ಬಲೆ ಬೀಸಿದ ಕಣ ಬಹಳ ಸಲ ತಾನೂ ಸಾಯುತ್ತೆ.

ಈಗ ಬನ್ನಿ ಮೈಸೂರಿಗೆ. ಮಾನಸಗಂಗೋತ್ರಿಯ ಜೀವರಸಾಯನಶಾಸ್ತ್ರ ವಿಭಾಗದ ಕೆಂಪರಾಜು ಅವರ ತಂಡ 2016ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ಹಾವು ಯಾವುದು ಹೇಳಿ? ನಮ್ಮ ಗರಗಸ ಮಂಡಲವೇ! ಅದರ ವಿಷ ಹೊಕ್ಕ ಜಾಗಕ್ಕೆ ನ್ಯೂಟ್ರೋಫಿಲ್‌ಗಳು ಓಡಿ ಬಂದು ಬಲೆ ಬೀಸುತ್ತವೆ. ಆ ಬಲೆ ರಕ್ತನಾಳ ಮುಚ್ಚುತ್ತೆ, ವಿಷವನ್ನ ಅಲ್ಲೇ ಹಿಡಿದಿಡುತ್ತೆ. ಇಡೀ ಮೈಗೆ ಹರಡಬೇಕಾದ ವಿಷ ಒಂದೇ ಕಡೆ ಕೂತು ಮಾಂಸ ಕರಗಿಸುತ್ತೆ. ಡಿಎನ್‌ಎ ಕತ್ತರಿಸುವ ಕಿಣ್ವ ಡಿಎನ್‌ಏಸ್ ಈ ವಿಷದಲ್ಲಿ ಇಲ್ಲದ್ದರಿಂದ ಬಲೆ ಹರಿಯೋದೂ ಇಲ್ಲ.

ಹಾಗಾದ್ರೆ ಕತ್ತರಿಯನ್ನ ನಾವೇ ಕೊಟ್ಟರೆ? ಇಲಿಯ ಬಾಲಕ್ಕೆ ವಿಷ ಚುಚ್ಚಿ, ಅದರ ಜೊತೆಗೇ ಡಿಎನ್‌ಏಸ್ ಕೊಟ್ಟಾಗ ಬಾಲ ಕೊಳೆಯಲಿಲ್ಲ. ವಿಷ ಚುಚ್ಚಿದ ಮೇಲೆ ಕೊಟ್ಟಾಗಲೂ ಉಳಿಯಿತು! ನ್ಯೂಟ್ರೋಫಿಲ್‌ಗಳನ್ನ ಮೊದಲೇ ಇಳಿಸಿಟ್ಟ ಇಲಿಗಳಲ್ಲಿ ಬಲೆಯೂ ಇಲ್ಲ, ಕೊಳೆತವೂ ಇಲ್ಲ. ಇದನ್ನ ಓದಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಡಿಎನ್‌ಏಸ್ ಹೊಸ ವಸ್ತುವೇನಲ್ಲ, ಸಿಸ್ಟಿಕ್ ಫೈಬ್ರೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆಗೆ 1993ರಿಂದಲೇ ಔಷಧಿಯಾಗಿ ಇದೆ.

ಹಾವಿನ ವಿಷಕ್ಕೆ ಕುದುರೆಯ ರಕ್ತದಿಂದ ಮದ್ದು ಮಾಡೋದನ್ನ ಕಾಲ್ಮೆಟ್ 1890ರ ದಶಕದಲ್ಲೇ ಕಂಡುಕೊಂಡಿದ್ದ. ಇವತ್ತಿಗೂ ಜೀವ ಉಳಿಸೋದು ಅದೇ, ಮೊದಲು ಓಡಬೇಕಾದ್ದೂ ಅದಕ್ಕೇ. ಆದ್ರೆ ಕಚ್ಚಿದ ಜಾಗದ ಮಾಂಸ ಉಳಿಸೋದ್ರಲ್ಲಿ ಅದು ಸೋಲುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನ ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದೇ 2017ರಲ್ಲಿ. ಕಚ್ಚಿಸಿಕೊಳ್ಳೋರು ಬರಿಗಾಲಲ್ಲಿ ಹೊಲಕ್ಕೆ ಹೋಗೋರು ತಾನೆ, ಯಾರಿಗೆ ಅವಸರ ಹೇಳಿ.

ಕಳೆದ ಸಲ ಊರಿಗೆ ಹೋದಾಗ ಕಟ್ಟೆ ಮೇಲೆ ಕೂತು ದೊಡ್ಡಪ್ಪನಿಗೆ ಇದನ್ನೆಲ್ಲಾ ಹೇಳಿದೆ. ಮೀನು ಹಿಡಿಯೋ ಬಲೆ ಅಂದಾಗ ಅರ್ಥವಾಯ್ತು. "ಅಂದ್ರೆ ನನ್ನ ರಕ್ತಾನೂ ಸೇರ್ಕೊಂಡು ಕಾಲು ತಿಂತು ಅನ್ನು" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಆ ಔಷಧಿ ಇಲ್ಲಿ ಸಿಗ್ತೈತಾ?" ಅಂದ್ರು. ಹಾವು ಕಚ್ಚಿದ್ದಕ್ಕೆ ಅಂತ ಇನ್ನೂ ಇಲ್ಲ ದೊಡ್ಡಪ್ಪ, ನಾನು ಓದಿದ್ದು ಇಲಿ ಮೇಲೆ ಮಾಡಿದ್ದು ಅಂದೆ. ಚಪ್ಪಲಿ ಹುಡುಕಿಕೊಂಡು ಹೊಲದ ಕಡೆ ಹೊರಟರು.

ಅಂದಹಾಗೆ, ನಿಮ್ಮೂರ ಕಡೆ ಗರಗಸ ಮಂಡಲಕ್ಕೆ ಏನಂತ ಕರೀತೀರಾ? ಗೊತ್ತಿದ್ರೆ ತಿಳಿಸಿ.